ಹನ್ನೆರಡು ಹತ್ತರ ನಂತರದ ಎರಡು ಸಾಲು

ನಮ್ಮ ಆಸ್ಪತ್ರೆಯಲ್ಲಿ ಒಬ್ಬ ಆಯಾಳನ್ನು ಎಲ್ಲರೂ ಗಡಿಯಾರದಕ್ಕ ಎಂದೇ ಕರೆಯುತ್ತಿದ್ದರು. ಎದ್ದು ಕೂರಲಾಗದ ರೋಗಿಗಳ ಮಗ್ಗುಲು ಬದಲಿಸುವುದು ಅವಳ ಕೆಲಸ. ಅದರಲ್ಲಿ ಐದು ನಿಮಿಷ ಆಚೀಚೆ ಆಗುತ್ತಿರಲಿಲ್ಲ. ನಾನು ಅಲ್ಲಿಯ ಲೈಬ್ರರಿಯವನು. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ, ಪಕ್ಕದಲ್ಲೇ ಹಳೆಯ ರೋಗಿಗಳ ಫೈಲುಗಳ ಕೋಣೆ. ಎರಡರ ಕೀಲಿಯೂ ನನ್ನ ಬಳಿ. ಆ ಫೈಲುಗಳಲ್ಲಿ ಅರ್ಧಕ್ಕರ್ಧ ಸತ್ತವರವು.

ಆಯಾಗಳಿಗೆ ತರಬೇತಿ ಶುರುವಾದಾಗ, ಪುಸ್ತಕ ಹುಡುಕಿ ಆಧಾರ ಬರೆಯುವುದನ್ನು ಕಲಿಸುವ ಕರ್ಮ ನನ್ನ ಕೊರಳಿಗೆ ಬಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. "ಅಂತೆ ಕಂತೆ ನನ್ನ ಹತ್ರ ನಡಿಯಲ್ಲ. ಯಾರು ಹೇಳಿದ್ದು, ಯಾವಾಗ ಹೇಳಿದ್ದು, ಎಲ್ಲಿ ಬರೆದಿದೆ? ಬುಡ ಸಿಗೋವರೆಗೂ ಬಿಡಬೇಡಿ" ಎಂದು ಮೊದಲ ದಿನವೇ ಗದರಿದೆ. ಉಳಿದವರು ಆಕಳಿಸಿದರು. ಗಡಿಯಾರದಕ್ಕ ಮಾತ್ರ ಬರೆದುಕೊಂಡಳು.

ಮರುವಾರ ಊಟದ ಬಿಡುವಿನಲ್ಲಿ ಬಂದಳು.

"ಸಾರ್, ಒಂಬತ್ತನೇ ಮಂಚದ ಅಜ್ಜಿಗೆ ಸೊಂಟದ ಹತ್ರ ಕೆಂಪಾಗಿದೆ. ನಾಲ್ಕು ಗಂಟೆಗೊಂದ್ಸಲ ತಪ್ಪದೆ ತಿರುಗಿಸ್ತಿದೀನಿ. ಎರಡು ಗಂಟೆಗೊಂದ್ಸಲ ಮಾಡ್ಲಾ ಅಂದ್ರೆ, ಮೇಟ್ರನ್ ಅಮ್ಮ ಗೋಡೆ ಮೇಲಿನ ಹಾಳೆ ತೋರಿಸ್ತಾರೆ. ನಾಲ್ಕು ಸಾಕು ಅಂತ ಅದ್ರಲ್ಲಿದೆ. ಅದು ತಪ್ಪು ಅಂತ ಆಧಾರ ತಗೊಂಡು ಬಾ ಅಂದ್ರು. ಹುಣ್ಣಾಗಿ ಕೀವು ತುಂಬ್ಕೊಂಡ್ರೆ ಅಜ್ಜಿ ಉಳಿಯಲ್ಲ ಸಾರ್."

ಹುಡುಕಲು ಕೂತೆವು. ಗೋಡೆಯ ಹಾಳೆಯ ತಳದಲ್ಲಿ ಸಣ್ಣಕ್ಷರದಲ್ಲಿ ಒಂದು ಕೈಪಿಡಿಯ ಹೆಸರಿತ್ತು. ಕೈಪಿಡಿ ಒಂದು ವೈದ್ಯಕೀಯ ಪತ್ರಿಕೆಯ ಲೇಖನಕ್ಕೆ ಕೈ ತೋರಿಸಿತು. ದೊಡ್ಡ ಡಾಕ್ಟರು ಯಾರೋ ದೂರದಲ್ಲಿ ಕೂತು ಹೇಳಿರಬೇಕು ಎಂದುಕೊಂಡಿದ್ದೆ. ಲೇಖನ ತೆಗೆದರೆ, ಅಧ್ಯಯನ ನಡೆದದ್ದು ನಮ್ಮದೇ ಆಸ್ಪತ್ರೆಯಲ್ಲಿ, ಹನ್ನೆರಡು ವರ್ಷದ ಹಿಂದೆ. ನಲವತ್ತು ರೋಗಿಗಳು, ನಾಲ್ಕು ಗಂಟೆಗೊಮ್ಮೆ ಮಗ್ಗುಲು, ಒಬ್ಬರಿಗೂ ಹುಣ್ಣಿಲ್ಲ. ಕೊನೆಯಲ್ಲಿ ಫೈಲುಗಳ ನಂಬರು. ಹೊರಗೆಲ್ಲ ಸುತ್ತಾಡಿದ ದಾರಿ ಪಕ್ಕದ ಕೋಣೆಯ ಬಾಗಿಲಿಗೇ ಬಂದು ನಿಂತಿತ್ತು.

ಮೂರು ಮಧ್ಯಾಹ್ನ ಅವಳು ಒಳಗೆ ಕೂತು ಫೈಲು ನೋಡಿದಳು. ಹಾಳೆ ಮಗುಚುವ ಸದ್ದು ಗೋಡೆಯಾಚೆಯಿಂದ ಒಂದೇ ಸಮನೆ ಕೇಳುತ್ತಿತ್ತು. ಮೂರನೆಯ ದಿನ ಸದ್ದು ನಿಂತಿತು. ಎಷ್ಟು ಹೊತ್ತಾದರೂ ಮತ್ತೆ ಶುರುವಾಗಲಿಲ್ಲ. ಹೋಗಿ ನೋಡಿದೆ.

ಅವಳ ಮುಂದೆ ಒಬ್ಬ ಮುದುಕನ ಫೈಲು ತೆರೆದಿತ್ತು. ಡಾಕ್ಟರ ಹಾಳೆಯಲ್ಲಿ: ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಸಾವು. ಎದುರು ಪುಟದಲ್ಲಿ, ಮಗ್ಗುಲು ಬದಲಿಸಿದ್ದನ್ನು ಬರೆಯುವ ಚಾರ್ಟಿನಲ್ಲಿ, ಅದೇ ದಿನ: ಮಧ್ಯಾಹ್ನ ಎರಡು ಗಂಟೆಗೆ ಎಡ ಮಗ್ಗುಲು, ಚರ್ಮ ಚೆನ್ನಾಗಿದೆ. ಸಂಜೆ ಆರು ಗಂಟೆಗೆ ಬಲ ಮಗ್ಗುಲು, ಚರ್ಮ ಚೆನ್ನಾಗಿದೆ.

"ಅಯ್ಯೋ ದೇವರೇ, ಸತ್ತವನನ್ನ ಯಾರಮ್ಮ ತಿರುಗಿಸಿದ್ದು?"

"ಯಾರೂ ಇಲ್ಲ ಸಾರ್. ಅಕ್ಷರ ನಂದು." ದನಿ ಅವಳದ್ದಲ್ಲವೆಂಬಂತಿತ್ತು. "ಆಗ ಕೆಲಸಕ್ಕೆ ಸೇರಿ ಎರಡು ತಿಂಗಳು. ಒಂದು ಪಾಳಿಗೆ, ಅರವತ್ತು ರೋಗಿಗೆ ಇಬ್ರೇ ಆಯಾಗಳು. ಇಡೀ ದಿನದ್ದು ಬೆಳಿಗ್ಗೆನೇ ಬರೆದಿಟ್ಟುಬಿಡು ಅಂತ ದೊಡ್ಡ ಆಯಾಗಳು ಹೇಳ್ಕೊಟ್ರು. ಈ ಅಜ್ಜನ್ನ ಆವತ್ತು ನಾನು ಮುಟ್ಟೇ ಇಲ್ಲ. ಹುಣ್ಣಿತ್ತೋ ಇಲ್ವೋ, ದೇವರಾಣೆ ನೋಡಿಲ್ಲ."

ಅಧ್ಯಯನ ಮಾಡಿದವರು ಬರೀ ಚಾರ್ಟಿನ ಸಾಲು ಎಣಿಸಿದ್ದರು. ಸತ್ತವನ ಚೆನ್ನಾಗಿರುವ ಚರ್ಮ ಲೇಖನಕ್ಕೆ ಹೋಗಿ, ಕೈಪಿಡಿಗೆ ಹೋಗಿ, ಗೋಡೆಗೆ ಬಂದು, ಈಗ ಅಜ್ಜಿಯ ಬೆನ್ನ ಕೆಳಗೆ ಮಲಗಿತ್ತು.

ನಾನು ಹೇಡಿ. "ಮುಚ್ಚಿ ಒಳಗಿಡಮ್ಮ" ಎಂದೆ. "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋಬೇಡ. ಎರಡು ಗಂಟೆ ಅಂತ ಹೇಳೋ ಹೊಸ ಪುಸ್ತಕ ಕೊಡ್ತೀನಿ, ಅದನ್ನ ತೋರಿಸು."

"ನಮ್ಮ ತರಬೇತಿ ಪುಸ್ತಕದಲ್ಲೂ ಅದೇ ಇದೆ, ತೋರಿಸಿದೆ ಸಾರ್ ಮೊನ್ನೇನೆ. ಪುಸ್ತಕದೋರಿಗೇನು ಗೊತ್ತು, ಇದು ನಮ್ಮ ರೋಗಿಗಳ ಲೆಕ್ಕ ಅಂದ್ರು ಮೇಟ್ರನ್ ಅಮ್ಮ." ಒಂದು ಖಾಲಿ ಹಾಳೆ ಎಳೆದುಕೊಂಡು ಕೇಳಿದಳು: "ಆಧಾರ ಅಂತ ನನ್ನನ್ನೇ ಬರೆಯೋದಾದ್ರೆ ಹೇಗೆ ಬರೀಬೇಕು ಸಾರ್?"

ಕಲಿಸಿದವನು ನಾನೇ, ಹೇಳದೆ ವಿಧಿಯಿರಲಿಲ್ಲ. ಮೊದಲು ಹೆಸರು, ಆಮೇಲೆ ವರ್ಷ, ಆಮೇಲೆ ವಿಷಯ. ದುಂಡಗೆ ಬರೆದಳು. ವಿಷಯದ ಜಾಗದಲ್ಲಿ: 'ತಿರುಗಿಸಿಲ್ಲ, ನೋಡಿಲ್ಲ, ಬರೆದಿದ್ದೇನೆ.'

ಮೇಟ್ರನ್ ಅದನ್ನು ನಿಂತಲ್ಲೇ ಮೂರು ಸಲ ಓದಿದರಂತೆ. ಸಂಜೆಯೊಳಗೆ ಗೋಡೆಯ ಹಾಳೆ ಇಳಿಯಿತು. ಅಜ್ಜಿಯನ್ನು ಎರಡು ಗಂಟೆಗೊಮ್ಮೆ ತಿರುಗಿಸತೊಡಗಿದರು. ವಾರದಲ್ಲಿ ಕೆಂಪು ಇಳಿಯಿತು. ತಿರುಗಿಸಿದವಳು ಬೇರೆ ಆಯಾ. ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದು ಗಡಿಯಾರದಕ್ಕನನ್ನು ಮನೆಗೆ ಕಳಿಸಿದ್ದರು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯಲು ಹೋದರೆ, ಟ್ಯೂಬ್‌ಲೈಟಿನ ಕೆಳಗೆ ಇಬ್ಬರು ಮುದುಕಿಯರು ನಿಂತಿದ್ದರು. ರಿಟೈರಾಗಿ ಎಷ್ಟೋ ವರ್ಷವಾದ ಆಯಾಗಳು, ಗಡಿಯಾರದಕ್ಕನ ಸುದ್ದಿ ಕೇಳಿ ಬಂದವರು.

"ಆ ನಲವತ್ತು ಫೈಲು ಇನ್ನೂ ಇದ್ಯಾ ಸಾರ್?" ಎಂದಳು ಒಬ್ಬಳು. "ನಮ್ಮ ಅಕ್ಷರ ನೋಡ್ಬೇಕಿತ್ತು. ನಾವೂ ಬರೆದುಕೊಡ್ತೀವಿ."

ಅವರ ಹಿಂದೆ ಮೆಟ್ಟಿಲ ಮೇಲೆ ಇನ್ನೂ ಯಾರೋ ನಿಧಾನಕ್ಕೆ ಇಳಿದು ಬರುತ್ತಿದ್ದರು.