ಜಾಮೀನು ನಿಂತವರೇ ಕಾರು ತಂದರು

ಹೋದ ವರ್ಷದ ಯುಗಾದಿ ಮುಗಿದ ಮರುವಾರದ ಮಾತು. ಆ ಹೊತ್ತಿಗೆ ಬ್ಯಾಂಕಿನ ಜೊತೆ ರಾಜಿ ಮಾಡಿಕೊಂಡು ಒಂದು ವರ್ಷ ದಾಟಿತ್ತು. ಕಂತು ಕಟ್ಟುವುದು, ಉಳಿದದ್ದರಲ್ಲಿ ತಿಂಗಳು ನೂಕುವುದು, ಇಷ್ಟರಲ್ಲೇ ದಿನಗಳು ಹೋಗುತ್ತಿದ್ದವು.

ನಮ್ಮದು ಅಫಜಲಪುರ ತಾಲೂಕಿನ ಚೌಡಾಪುರ. ಮೊದಲು ನನಗೆ ಶಾಮಿಯಾನದ ಧಂದೆ ಇತ್ತು. ಆಳಂದ ಕಡೆಯ ನಿಂಬರ್ಗಾ, ಸರಸಂಬಾದಿಂದ ಹಿಡಿದು ಜೇವರ್ಗಿವರೆಗೆ ಮದುವೆ, ಜವಳ, ಮನೆ ಶಾಂತಿ ಎಂದು ಹಂದರ ಹಾಕಿ ಬರುತ್ತಿದ್ದೆ. ಹೊಸ ಕುರ್ಚಿ, ಜನರೇಟರು, ಲೈಟಿನ ಸಾಮಾನಿಗೆಂದು ಬ್ಯಾಂಕಿನಲ್ಲಿ ಸಾಲ ತೆಗೆದ ಮರುವರ್ಷವೇ ಕೊರೊನಾ ಬಂತು. ಜನ ಮನೆಯ ಪಡಸಾಲೆಯಲ್ಲೇ ಅಕ್ಕಿಕಾಳು ಹಾಕಿ ಮದುವೆ ಮುಗಿಸಿದರು. ಹಂದರ ಯಾರಿಗೆ ಬೇಕು? ಕಂತು ನಿಂತವು.

ಆ ಸಾಲಕ್ಕೆ ಜಾಮೀನು ನಿಂತವರು ನನ್ನ ಹೆಂಡತಿ ಸುವರ್ಣಾಳ ಅಣ್ಣ ಈರಣ್ಣ ಮಾಸ್ತರು. ಅಫಜಲಪುರದಲ್ಲಿ ಮನೆ, ಅಲ್ಲೇ ಹತ್ತಿರದ ಹಳ್ಳಿಯಲ್ಲಿ ಶಾಲೆ. ನಾನು ಕಟ್ಟದೇ ಹೋದಾಗ ಬ್ಯಾಂಕಿನವರು ಅವರ ಪಗಾರಕ್ಕೆ ಕೈ ಹಾಕಿದರು. ತಿಂಗಳು ತಿಂಗಳು ಅವರ ದುಡ್ಡು ನನ್ನ ಸಾಲಕ್ಕೆ ಹೋಗತೊಡಗಿತು. ಭಾವ ಜಗಳ ಮಾಡಲಿಲ್ಲ. ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಸುವರ್ಣಾ ಫೋನ್ ಮಾಡಿದರೆ "ಹ್ಞೂಂ, ಆರಾಮ ಅದೀನಿ" ಎಂದು ಇಟ್ಟುಬಿಡುತ್ತಿದ್ದರು.

ಕೊನೆಗೆ ನಾನು ಟೆಂಪೊ, ಶಾಮಿಯಾನ, ಕುರ್ಚಿ ಎಲ್ಲ ಮಾರಿ, ಲೋಕ ಅದಾಲತ್‌ನಲ್ಲಿ ಕುಳಿತು ರಾಜಿ ಮಾಡಿಕೊಂಡೆ. ಬಡ್ಡಿ ಬಿಟ್ಟರು, ಉಳಿದ ಅಸಲಿಗೆ ಸಣ್ಣ ಕಂತು ಗೊತ್ತು ಮಾಡಿದರು. ಕಂತು ತಪ್ಪಿದರೆ ರಾಜಿ ಮುರಿಯುತ್ತದೆ. ಭಾವನ ಪಗಾರ ಬಿಡುಗಡೆಯಾಯಿತು. ನಾನು ಒಂದು ಕಿರಾಣಿ ಹೋಲ್‌ಸೇಲ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಭಾವನ ಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ. ನನಗೂ ಅಲ್ಲಿಗೆ ಹೋಗಿ ನಿಲ್ಲುವ ಮುಖ ಇರಲಿಲ್ಲ.

ನಮ್ಮ ಮಗಳು ನೀಲಾಗೆ ಹುಟ್ಟಿದಾಗಿನಿಂದ ಕಾಲುಗಳಲ್ಲಿ ಬಿಗಿತ. ವಾರಕ್ಕೆ ಎರಡು ಸಲ ಕಲಬುರಗಿಗೆ ಕರೆದೊಯ್ದು ವ್ಯಾಯಾಮ ಮಾಡಿಸಬೇಕು. ಬಿಟ್ಟರೆ ಕಾಲು ಮತ್ತೆ ಬಿಗಿಯುತ್ತವೆ ಎಂದು ಡಾಕ್ಟರು ಹೇಳಿದ್ದರು. ಚಿಕ್ಕವಳಿದ್ದಾಗ ಸುವರ್ಣಾ ಬಗಲಲ್ಲಿ ಎತ್ತಿಕೊಂಡು ಬಸ್ ಹತ್ತುತ್ತಿದ್ದಳು. ಆ ಹೊತ್ತಿಗೆ ಮಗಳಿಗೆ ಹತ್ತು ವರ್ಷವಾಗಿತ್ತು. ಎತ್ತಿದರೆ ಅವಳ ಕಾಲು ತಾಯಿಯ ಮೊಣಕಾಲಿನವರೆಗೆ ಬರುತ್ತಿದ್ದವು. ಸುವರ್ಣಾಳ ಸೊಂಟ ಹಿಡಿದು ಹೋಗಿತ್ತು. ಗಾಣಗಾಪುರಕ್ಕೆ ಬರುವ ಭಕ್ತರ ಗದ್ದಲ ಇದ್ದ ದಿನ ಬಸ್ಸುಗಳು ತುಂಬಿ ಬರುತ್ತಿದ್ದವು, ನಿಲ್ಲುತ್ತಲೇ ಇರಲಿಲ್ಲ. ಇಬ್ಬರೂ ಹಾಗೇ ಮನೆಗೆ ವಾಪಸು ಬರುತ್ತಿದ್ದರು. ಆ ಯುಗಾದಿಯ ಹೊತ್ತಿಗೆ ಸುವರ್ಣಾ "ಇನ್ನ ನನ್ನ ಕೈಲಿ ಆಗಂಗಿಲ್ಲ. ಬಿಟ್ಟುಬಿಡೋಣು" ಎಂದಿದ್ದಳು. ಇಬ್ಬರಿಗೂ ಸಾಕಾಗಿತ್ತು.

ಆ ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಒಂದು ಬಿಳಿ ಕಾರು ಬಂದು ನಿಂತಿತು. ನಮ್ಮ ಮನೆ ಮುಂದೆ ಕಾರು ನಿಂತರೆ ವಸೂಲಿಯವರೇ ಎಂದು ಎದೆ ಹಾರುವುದು ರೂಢಿಯಾಗಿತ್ತು. ನೋಡಿದರೆ ಇಳಿದವರು ಭಾವ, ಹಿಂದೆ ಅವರ ಹೆಂಡತಿ ಶಾಂತಕ್ಕ.

ಸುವರ್ಣಾ ನೀರು ಕೊಟ್ಟಳು. ಅಳಬಾರದು ಎಂದು ಒಲೆಯ ಕಡೆಯೇ ಮುಖ ಮಾಡಿ ಚಹಾಕ್ಕೆ ಇಟ್ಟಳು. ಭಾವ ನೀಲಾಳ ಪಕ್ಕ ಕುಳಿತು ಅವಳ ಕಾಲನ್ನು ಮುಟ್ಟಿ ನೋಡಿದರು. ಆಮೇಲೆ ಕೀ ತೆಗೆದು ನನ್ನ ಮುಂದೆ ಇಟ್ಟರು.

"ಗಾಡಿ ಇಲ್ಲೇ ಇರ್ಲಿ. ಹುಡುಗಿಗೆ ಕಲಬುರಗಿಗೆ ಕರ್ಕೊಂಡು ಹೋಗ್ರಿ."

ನನಗೆ ಅರ್ಥವೇ ಆಗಲಿಲ್ಲ. "ಬ್ಯಾಡ್ರಿ ಭಾವ. ನಿಮಗ ನಾ ಮೊದಲೇ ಭಾಳ ತ್ರಾಸ ಕೊಟ್ಟೀನಿ" ಎಂದೆ.

"ಅದು ಬ್ಯಾರೆ ಮಾತು" ಎಂದರು. "ಹೋದ ಅಮಾಸಿಗೆ ನಾ ಎಣ್ಣಿ ಖರ್ಚು ಉಳೀಲಿ ಅಂತ ಗಾಡಿ ಬಿಟ್ಟು ಬಸ್ಸಿನ್ಯಾಗ ಕಲಬುರಗಿಗೆ ಹೊಂಟಿದ್ನಿ. ಚೌಡಾಪುರದಾಗ ಸುವರ್ಣಾ ಹುಡುಗಿಗೆ ಎತ್ಕೊಂಡು ಬಿಸಿಲಾಗ ನಿಂತಿದ್ಲು. ಬಸ್ ನಿಂದರ್ಲಿಲ್ಲ. ನಿಂದರಸ್ರಿ ಅಂತ ನಾ ಒದರಿದ್ನಿ, ಗದ್ದಲದಾಗ ಯಾರಿಗೂ ಕೇಳ್ಸಲಿಲ್ಲ. ಹಿಂದ ತಿರುಗಿ ನೋಡ್ದೆ. ಇಕಿ ಹುಡುಗಿಗೆ ಕಲ್ಲಿನ ಮ್ಯಾಲ ಕೂಡ್ಸಿ, ಸೊಂಟ ಹಿಡ್ಕೊಂಡು ನಿಂತಿದ್ಲು" ಎಂದರು.

ಒಲೆಯ ಹತ್ತಿರ ಸುವರ್ಣಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಶಾಂತಕ್ಕ ಈಗ ಹೇಳಿದರು: "ಸುಳ್ಳ್ಯಾಕ ಹೇಳ್ಲಿ, ನನಗ ಮನಸ್ಸಿದ್ದಿಲ್ಲ. ಪಗಾರ ಹಿಡಿಯೋದು ನಿಂತ ಮ್ಯಾಲ ಜರಾ ಜರಾ ಉಳಿಸಿ, ಜೇವರ್ಗಿಯ ನಮ್ಮ ಕಾಕಾನ ಕಡಿಂದ ಈ ಹಳೇ ಗಾಡಿ ನಮಗಂತ ತಂದಿದ್ವಿ. ತಂದು ತಿಂಗಳೂ ಆಗಿಲ್ಲ. ಇವ್ರು ಅಮಾಸಿ ದಿನದಿಂದ ಅದರಾಗ ಕೂಡ್ಲೇ ಇಲ್ಲ. ಹಂಗಾರ ಯಾರ ಸಲುವಾಗಿ ಇಡೋದು? ತೊಗೊಂಡು ಹೋಗ್ರಿ ಅಂದೆ."

ಆ ಮಾತು ನನಗೆ ಚುಚ್ಚಿತು. ಆದರೂ ಆಕೆ ಒಳಗಿದ್ದದ್ದನ್ನು ಆಡಿದ್ದೇ ಒಳ್ಳೆಯದೆನಿಸಿತು. ಬರೀ ಸಿಹಿ ಮಾತಾಗಿದ್ದರೆ ಆ ಕೀಯನ್ನು ನಾನು ಮುಟ್ಟುತ್ತಿರಲಿಲ್ಲ.

"ಗಾಡಿ ನನ್ನ ಹೆಸರಿಗೇ ಇರ್ತದ" ಎಂದರು ಭಾವ. "ವಿಮಾ ನಾ ಕಟ್ಟತೇನಿ. ಎಣ್ಣಿ ನಿಮ್ಮದು."

ನಾನು ಒಂದೇ ಮಾತು ಹೇಳಿದೆ. "ಬ್ಯಾಂಕಿನವ್ರಿಗೆ ಮೊದಲ ಹೇಳಬೇಕ್ರಿ. ಸಾಲ ಇಟ್ಕೊಂಡು ಕಾರಿನ್ಯಾಗ ತಿರುಗ್ತಾನ ಅಂತ ನಾಳೆ ಯಾರರ ಹೇಳಿದ್ರ ರಾಜಿ ಮುರೀತದ."

ಅವರು ನನ್ನ ಮುಖ ನೋಡಿದರು. ಎಷ್ಟೋ ದಿನಗಳ ಮೇಲೆ ನೇರ ನೋಡಿದ್ದು ಅದೇ ಮೊದಲು. "ನಾಳೆ ಬರ್ರಿ. ನಾನೂ ಬರ್ತೇನಿ" ಎಂದರು.

ಊಟಕ್ಕೆ ನಿಲ್ಲಲಿಲ್ಲ. ಅಫಜಲಪುರಕ್ಕೆ ಬಿಟ್ಟು ಬರುತ್ತೇನೆ ಎಂದರೆ "ಸುಮ್ನ ಎಣ್ಣಿ ಯಾಕ ಸುಡ್ತೀರಿ" ಎಂದರು. ಕಾರು ನಮ್ಮ ಅಂಗಳದಲ್ಲಿ ನಿಂತಿತ್ತು. ಅದನ್ನು ಕೊಂಡ ಗಂಡ ಹೆಂಡತಿ ರಸ್ತೆಯ ಬದಿ ಬಿಸಿಲಲ್ಲಿ ಬಸ್ಸಿಗೆ ಕಾಯುತ್ತ ನಿಂತರು. ನಾನೂ ಜೊತೆಗೆ ನಿಂತೆ. ಬಸ್ ಬಂದಾಗ ಶಾಂತಕ್ಕ "ಹೋಗಿ ಬರ್ತೀವ್ರಿ" ಎಂದರು. ಅಷ್ಟೇ.

ಮರುದಿನ ಭಾವ ಶಾಲೆಗೆ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಬಂದರು. ಅವರ ಪಗಾರ ಹಿಡಿದ ಬ್ಯಾಂಕು ಅದೇ. ಮ್ಯಾನೇಜರ್ ಹೊಸಬರು. ನಾನು ಎಲ್ಲ ಹೇಳಿದೆ.

"ಗಾಡಿ ಯಾರ ಹೆಸರಲ್ಲಿದೆ?" ಎಂದು ಕೇಳಿದರು.

"ನಂದ್ರಿ" ಎಂದರು ಭಾವ.

"ನೀವು ಇವರ ಜಾಮೀನುದಾರರಲ್ವಾ?" ಮ್ಯಾನೇಜರ್ ಕಂಪ್ಯೂಟರ್ ನೋಡಿ, ಮತ್ತೆ ಭಾವನನ್ನು ನೋಡಿದರು. "ಇಷ್ಟೆಲ್ಲ ಆದ ಮೇಲೂ ಇವರಿಗೆ ಕೊಟ್ಟಿದ್ದೀರಾ?"

"ಇವ್ರಿಗಲ್ರಿ. ನಮ್ಮ ತಂಗಿ ಮಗಳಿಗೆ ನಡ್ಯಾಕ ಬರಂಗಿಲ್ಲ. ಇವ್ರು ಗಾಡಿ ಹೊಡೀತಾರ, ಅಷ್ಟೇ."

ಮ್ಯಾನೇಜರ್ ತಲೆ ಆಡಿಸಿದರು. "ನಿಮ್ಮ ಗಾಡಿ ನೀವು ಯಾರಿಗೆ ಬೇಕಾದರೂ ಕೊಡಿ. ಇವರು ಕಂತು ತಪ್ಪಿಸದಿದ್ದರೆ ಸಾಕು" ಎಂದರು. ಹೊರಗೆ ಬಂದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ನೀಲಾಳ ವ್ಯಾಯಾಮ ನಿಲ್ಲಲಿಲ್ಲ. ಕಲಬುರಗಿಗೆ ಹೋಗುವ ದಿನ ಅಂಗಡಿಗೆ ಮಧ್ಯಾಹ್ನ ಹೋಗುತ್ತೇನೆ, ಸೇಠರು ಒಪ್ಪಿಕೊಂಡಿದ್ದಾರೆ. ಮಗಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗುತ್ತಾಳೆ. ಸುವರ್ಣಾ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚುತ್ತಾಳೆ. ಈಗ ನೀಲಾ ಗೋಡೆ ಹಿಡಿದು ಬಚ್ಚಲಿನವರೆಗೆ ತಾನೇ ಹೋಗುತ್ತಾಳೆ. ಇದಕ್ಕಿಂತ ಹೆಚ್ಚು ಆಗಬಹುದು, ಆಗದೆಯೂ ಇರಬಹುದು ಎನ್ನುತ್ತಾರೆ ಡಾಕ್ಟರು.

ಊರಲ್ಲಿ ಮಾತು ಬಂದೇ ಬಂತು. "ಸಾಲ ಮುಳುಗಿಸಿ ಕಾರು ತೊಗೊಂಡಾನ" ಎಂದವರಿದ್ದಾರೆ. ಮೊದಮೊದಲು ನಿಂತು ವಿವರಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ, ಅಷ್ಟು ಶಕ್ತಿ ಉಳಿದಿಲ್ಲ.

ಭಾವನೊಂದಿಗೆ ಮೊದಲಿನ ಸಲಿಗೆ ಬಂದಿಲ್ಲ, ಬರುತ್ತದೆಂದು ನಾನು ಹೇಳಲಾರೆ. ಆದರೆ ಭಾನುವಾರ ಅವರೇ ಫೋನ್ ಮಾಡುತ್ತಾರೆ. ಒಮ್ಮೆ ಧೈರ್ಯ ಮಾಡಿ, "ನಿಮ್ಮ ಉಪಕಾರ ನಾ ಈ ಜನ್ಮದಾಗ ತೀರಸಲಾರೆ ಭಾವ" ಎಂದು ಶುರು ಮಾಡಿದೆ.

"ಅದೆಲ್ಲಾ ಬಿಡ್ರಿ" ಎಂದರು. "ಟೈರಿನ್ಯಾಗ ಗಾಳಿ ನೋಡೀರಿಲ್ಲೋ?"

"ನೋಡೀನ್ರಿ" ಎಂದೆ. ಫೋನ್ ಹಿಡಿದೇ ಅಂಗಳಕ್ಕೆ ಹೋಗಿ ಮತ್ತೊಮ್ಮೆ ಟೈರು ಒತ್ತಿ ನೋಡಿದೆ. ಅವರೂ ಫೋನ್ ಇಡಲಿಲ್ಲ.