ಶನಿವಾರದ ಎಕ್ಕದೆಲೆ

ಇಲ್ಲ, ಆ ಮೊದಲ ಶನಿವಾರ ಶಾಲೆಯ ತೋಟಕ್ಕೆ ಬುಟ್ಟಿ ಹಿಡಿದು ಬಂದವಳು ಗಂಗವ್ವ ಒಬ್ಬಳೇ ಇರಲಿಕ್ಕಿಲ್ಲ. ಈ ಕಥೆಯನ್ನು ಹಲವರಿಗೆ ಹೇಳಿ ಹೇಳಿ ಉಳಿದವರನ್ನು ನಾನೇ ಅಳಿಸಿರಬಹುದು. ಇಸವಿ ಸಾವಿರದ ಒಂಬೈನೂರ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ, ಖಾನಾಪುರದ ಒಂದು ಹೈಸ್ಕೂಲಿನಲ್ಲಿ ನಾನು ಜೀವಶಾಸ್ತ್ರದ ಮಾಸ್ತರ. ಇಷ್ಟು ನಿಜ.

ಶಾಲೆಯ ಹಿಂದೆ ಪಾತರಗಿತ್ತಿಗಳಿಗಾಗಿ ತೋಟ ಮಾಡಿದ್ದೆವು. ಹೂವಿದ್ದರೆ ಪಾತರಗಿತ್ತಿ ಬಂದು ಹೋಗುತ್ತದೆ. ಉಳಿಯಬೇಕಾದರೆ ಮೊಟ್ಟೆ ಇಡಲು, ಹುಳ ತಿಂದು ಬೆಳೆಯಲು ಅದರದೇ ಗಿಡ ಬೇಕು. ಅದಕ್ಕೆ ಹೋಸ್ಟ್ ಪ್ಲಾಂಟ್ ಎನ್ನುತ್ತಾರೆ. ನಮ್ಮದು ಎಕ್ಕ. ಓಣಿಯವರು ಸರದಿಯ ಮೇಲೆ ನೀರು ಹಾಕುತ್ತಿದ್ದರು. ಅದೇ ಓಣಿಯ ಗಂಗವ್ವ ಸರದಿ ಇಲ್ಲದ ದಿನವೂ ಬರುತ್ತಿದ್ದಳು.

ಶನಿವಾರ ಬಂತೆಂದರೆ ಎಲೆಗಳು ಮಾಯ. ಜೊತೆಗೆ ಹುಡುಗರು ಭೂತಗನ್ನಡಿಯಲ್ಲಿ ನೋಡುತ್ತಿದ್ದ ಮೊಟ್ಟೆ, ಪಟ್ಟೆ ಪಟ್ಟೆಯ ಹುಳ ಎಲ್ಲವೂ. ಗಂಗವ್ವ ಗುಡಿಯ ಹಣಮಪ್ಪನ ಮಾಲೆಗೆ ಎಲೆ ಕೀಳುತ್ತಿದ್ದಳು.

ನೀರು ಹಾಕುವವರಲ್ಲಿ ಒಬ್ಬರಾದ ಕಿರಾಣಿ ಅಂಗಡಿಯ ರುದ್ರಪ್ಪ ಸಿಟ್ಟಾದರು. "ಗೇಟಿಗೆ ಕೀಲಿ ಹಾಕ್ರಿ ಮಾಸ್ತರ. ಊರ ತುಂಬ ಎಕ್ಕಿ ಐತಿ, ಇಲ್ಲೇದ ಯಾಕ ಬೇಕವ್ವಾ ನಿನಗ?"

"ರಸ್ತೆ ಬಾಜೂ ಗಿಡಕ್ಕ ನಾಯಿ ಕಾಲೆತ್ತಿರತಾವ. ಅದನ್ನ ನಿಮ್ಮ ಕೊರಳಾಗ ಹಾಕ್ಲೇನ್ರಿ ಸಾವಕಾರ್ರ?" ಎಂದಳು ಗಂಗವ್ವ.

ರುದ್ರಪ್ಪ ನಕ್ಕುಬಿಟ್ಟರು. ಆಕೆ ನಗಲಿಲ್ಲ.

"ನಮ್ಮನಿಯವರು ಬೆಳಗಾವಿ ದವಾಖಾನ್ಯಾಗ ಅದಾರ್ರಿ ಮಾಸ್ತರ. ನಡಕೋತ ಮನಿಗೆ ಬರೂತನಕ ಮಾಲಿ ಹಾಕ್ತೀನಂತ ಬೇಡ್ಕೊಂಡೇನಿ. ನಾನ ನೀರು ಹಾಕಿದ ಗಿಡ ಇದು."

ಕೀಲಿ ಹಾಕಲಿಲ್ಲ. ಗೋಡೆ ಬದಿಯ ಒಂದು ಗಿಡವನ್ನು ಆಕೆಗೆ ಬಿಟ್ಟೆವು. ಶುಕ್ರವಾರ ಸಂಜೆ ಹುಡುಗರು ಅದರ ಹುಳಗಳನ್ನು ಬೇರೆ ಗಿಡಗಳಿಗೆ ಸಾಗಿಸುತ್ತಿದ್ದರು. ಮಳೆಗಾಲ ಹಾಗೇ ಕಳೆಯಿತು.

ಆಮೇಲೊಂದು ಶನಿವಾರ ಹುಡುಗರು ಓಡಿ ಬಂದರು. "ಸರ್, ಇವತ್ತ ಒಂದೂ ಎಲಿ ಹರಿದಿಲ್ರಿ." ಅವರಿಗೆ ಖುಷಿ. ಮುಂದಿನ ಶನಿವಾರವೂ ಆ ಗಿಡ ಮೈತುಂಬಿಕೊಂಡೇ ನಿಂತಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಗಂಡ ಮನೆಗೆ ಬಂದು ಹರಕೆ ತೀರಿರಬೇಕು, ಇಲ್ಲವೆ ಯಾರಿಗಾಗಿ ಹರಕೆ ಹೊತ್ತಿದ್ದಳೋ ಅವನೇ ಉಳಿದಿರಲಿಕ್ಕಿಲ್ಲ.

ಆಕೆಯ ಬಾಡಿಗೆ ಮನೆಗೆ ಕೀಲಿ ಬಿದ್ದಿತ್ತು. ಅಣ್ಣನ ಮನೆ ಅನಗೋಳದಲ್ಲಿದೆ ಎಂದರು ನೆರೆಯವರು. ಬೆಳಗಾವಿಗೆ ಹೋದಾಗ ಅನಗೋಳದ ಓಣಿಗಳಲ್ಲಿ ವಿಚಾರಿಸಿದೆ. ಖಾನಾಪುರದ ಗಂಗವ್ವ ಎಂದರೆ ಯಾರಿಗೂ ಗುರುತು ಹತ್ತಲಿಲ್ಲ. "ಆರಾಮಾಗಿರಬೇಕು ಬಿಡ್ರಿ," ಎಂದರು ರುದ್ರಪ್ಪ, ನನ್ನ ಮುಖ ನೋಡದೆ.

ಆ ಹಂಗಾಮಿನಲ್ಲಿ ತೋಟದಲ್ಲಿ ಹಿಂದೆಂದೂ ಇಲ್ಲದಷ್ಟು ಪಾತರಗಿತ್ತಿಗಳು. ಮುಂದೆ ಬೆಳಗಾವಿಯ ಶಾಲೆಗಳಲ್ಲೂ ತೋಟ ಮಾಡಿಸಿದೆ. ಗಿಡಗಳು ತುಂಬಾ ಚೆನ್ನಾಗಿ ಬಂದಿವೆ ಎಂದು ಯಾರಾದರೂ ಹೇಳಿದರೆ, ಬರುತ್ತಿದ್ದವರಲ್ಲಿ ಯಾರು ಬರುವುದು ಬಿಟ್ಟರು ಎಂದು ಮೊದಲು ಕೇಳುವುದು ರೂಢಿಯಾಯಿತು. ಕೆಲಸ ನನಗೆ ಕಲಿಸಿದ್ದು ಅಷ್ಟು.

ಗಂಗವ್ವನ ಗಂಡ ನಡೆದುಕೊಂಡು ಮನೆಗೆ ಬಂದನೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.