ಹರಿದಾಸ ಭಟ್ಟರ ಮೇಲ್ ಓದುವವರು

ಕೊಲ್ಕತ್ತದ ಕನ್ನಡದವರ ಮನೆಯಲ್ಲಿ ಮದುವೆ ಆಗಬೇಕಾದರೆ ಒಂದು ಹೆಣ್ಣು, ಒಂದು ಗಂಡು ಮತ್ತು ಹರಿದಾಸ ಭಟ್ಟರು ಬೇಕು. ಮೊದಲಿನ ಇಬ್ಬರು ಹೇಗೋ ಸಿಗುತ್ತಾರೆ, ಭಟ್ಟರನ್ನು ಮಾತ್ರ ಮುಂಚಿತವಾಗಿ ಹಿಡಿದಿಟ್ಟುಕೊಳ್ಳಬೇಕು. ಮದುವೆಗೆ ಅಡುಗೆ ಮಾಡಿ ಬಡಿಸುವವರೂ ಅವರೇ, ಅದಕ್ಕೂ ಮೊದಲು ಎರಡು ಮನೆಯವರ ನಡುವೆ ಕೂತು ಮಾತು ಎತ್ತುವವರೂ ಅವರೇ.

"ಮದುವೆಯ ಮಾತು ಇಬ್ಬರ ನಡುವೆ ಆಗುದಲ್ಲ ಮಾರಾಯ್ರೆ. ನಡುವೆ ಕೂತು ಕೇಳುವ ಹಿರಿಯರು ಒಬ್ಬರು ಬೇಕು. ಅವರ ಕಿವಿಗೆ ಬಿದ್ದ ಮೇಲೆ ಮಾತು ಹಿಂದೆ ತೆಗೀಲಿಕ್ಕಿಲ್ಲ" ಎನ್ನುವುದು ಅವರ ಶಾಸ್ತ್ರ. ಅವರ ಅಪ್ಪ ಉಡುಪಿಯ ಕಡೆಯಿಂದ ಬಂದು ಜಾದವ್‌ಪುರದ ಬಸ್ ಸ್ಟ್ಯಾಂಡಿನ ಹಿಂದೆ ಹೋಟೆಲು ಇಟ್ಟಾಗ ಈ ಶಾಸ್ತ್ರವನ್ನೂ ಇಡ್ಲಿ ಪಾತ್ರೆಯ ಜೊತೆಗೇ ತಂದಿದ್ದರಂತೆ. ಇಷ್ಟು ಜನರ ಮದುವೆ ಮಾಡಿಸಿದ ಭಟ್ಟರು ಮಾತ್ರ ಐವತ್ತೆಂಟು ದಾಟಿದರೂ ಬ್ರಹ್ಮಚಾರಿ. ಕೇಳಿದರೆ, "ಬಡಿಸುವವ ಕೊನೆಗೆ ಉಣ್ಣುದು" ಎಂದು ನಕ್ಕು ಸಾರಿನ ಸೌಟು ಎತ್ತುತ್ತಾರೆ.

ನಾನು ರೇಣುಕಾ, ಮೈಸೂರಿನವಳು. ಇಲ್ಲೊಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಮಧ್ಯಾಹ್ನ ಭಟ್ಟರ ಹೋಟೆಲಿನಲ್ಲಿ ಉಣ್ಣುತ್ತೇನೆ. ನನಗೆ ತಾಳ್ಮೆ ಕಡಿಮೆ. ಒಂದು ಮಾತನ್ನು ಬಾಯಲ್ಲಿ ಇಟ್ಟುಕೊಂಡು ನುಂಗದೆ ಉಗುಳದೆ ಓಡಾಡುವವರನ್ನು ಕಂಡರಂತೂ ಮೈ ಉರಿಯುತ್ತದೆ. ಭಟ್ಟರು ಅಂಥವರಲ್ಲೇ ಮೊದಲನೆಯವರು ಎಂದು ಗೊತ್ತಾಗುವ ಹೊತ್ತಿಗೆ ನಾನು ಅವರ ಸಾರಿಗೆ ದಾಸಿಯಾಗಿಬಿಟ್ಟಿದ್ದೆ.

ಅವರ ಬಾಯಲ್ಲಿದ್ದ ಮಾತಿನ ಹೆಸರು ಅನಸೂಯ. ಊರಿನ ಇನ್ನೊಂದು ತುದಿಯ ಡಮ್ ಡಮ್‌ನಲ್ಲಿರುವ ಅನಸೂಯ ಅವರು ಕುಂದಾಪುರದ ಕಡೆಯವರು. ಗಂಡ ತೀರಿಹೋಗಿ ಎಷ್ಟೋ ವರ್ಷವಾಗಿದೆ. ಯಾವುದೋ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೂರು ಮಳೆಗಾಲದ ಹಿಂದೆ ಡಮ್ ಡಮ್‌ನ ಕನ್ನಡ ಮಹಿಳೆಯರ ಕೂಟಕ್ಕೆ ಭಟ್ಟರು ಎಲೆಗೆ ಹಿಟ್ಟು ಹಚ್ಚಿ ಸುತ್ತಿ ಬೇಯಿಸುವ ಪತ್ರೊಡೆ ಮಾಡಿ ಕಳಿಸಿದ್ದರು. ಇಲ್ಲಿನ ಕೊಚು ಎಲೆ ನಮ್ಮ ಕೆಸುವಿನ ಎಲೆಯ ದಾಯಾದಿ, ಆದರೆ ಹುಣಸೆಹುಳಿ ಒಂದಿಷ್ಟು ಕಡಿಮೆಯಾದರೆ ಸೇಡು ತೀರಿಸಿಕೊಳ್ಳದೆ ಬಿಡುವುದಿಲ್ಲ. ಮರುದಿನವೇ ಅನಸೂಯ ಅವರ ಮೇಲ್ ಬಂತು. ವಿಷಯ: "ಗಂಟಲು ತುರಿಕೆಯ ಬಗ್ಗೆ ದೂರು."

ಭಟ್ಟರು ಕ್ಷಮೆ ಕೇಳಿ ಉತ್ತರ ಬರೆದರು. ಅನಸೂಯ ಅವರು ಹುಣಸೆಹುಳಿಯ ಲೆಕ್ಕ ತಿದ್ದಿ ಬರೆದರು. ಇವರು ವಂದಿಸಿ ಬರೆದರು. ಹುಣಸೆಯಿಂದ ಬೆಲ್ಲಕ್ಕೆ, ಬೆಲ್ಲದಿಂದ ಮಂಡಿನೋವಿಗೆ, ಮಂಡಿನೋವಿನಿಂದ ಬಾಲ್ಯಕ್ಕೆ ಮಾತು ಹರಿಯಿತು. ವಿಷಯದ ಸಾಲನ್ನು ಬದಲಿಸಲು ಇಬ್ಬರಿಗೂ ಧೈರ್ಯವಿಲ್ಲ. ಬದಲಿಸಿದರೆ ಹೊಸ ಹೆಸರು ಏನು ಇಡುವುದು? ಹೀಗಾಗಿ ಆ ಪ್ರೇಮ ಮೂರು ವರ್ಷವಾದರೂ ಗಂಟಲು ತುರಿಕೆಯ ದೂರಿನ ಅಡಿಯಲ್ಲೇ ನಡೆಯಿತು. ಎದುರು ಸಿಕ್ಕಾಗ, ಅದೂ ಯಾರದೋ ಮನೆಯ ಪಂಕ್ತಿಯಲ್ಲಿ, ಭಟ್ಟರು "ಇನ್ನು ಸ್ವಲ್ಪ ಹಾಕ್ಲಾ?" ಎನ್ನುವರು, ಅವರು "ಸಾಕು" ಎನ್ನುವರು. ಅಷ್ಟೇ ಸಂಭಾಷಣೆ.

"ಫೋನ್ ಮಾಡಬಾರದಾ?" ಎಂದು ನಾನು ಗದರಿದ್ದೆ.

"ಫೋನಿನಲ್ಲಿ ನನ್ನ ನಾಲಿಗೆ ಏಳುದಿಲ್ಲ ಮೇಡಂ. ಮತ್ತೆ ಹೋಟೆಲಿನ ಫೋನು ಎಲ್ಲರ ಕೈಯಲ್ಲಿ ಇರ್ತದೆ. ವನಮಾಲಾ ನೋಡಿದ್ರೆ?" ವನಮಾಲಾ ಎಂದರೆ ಅವರ ತಂಗಿ, ಅಡುಗೆಮನೆಯ ಒಡತಿ. ಭಟ್ಟರು ಹೆದರುತ್ತಿದ್ದುದು ಲೋಕದಲ್ಲಿ ಅವಳೊಬ್ಬಳಿಗೆ. ಮೇಲ್ ಇದ್ದದ್ದು ಗಲ್ಲಾದ ಹಿಂದಿನ ಹಳೇ ಕಂಪ್ಯೂಟರಿನಲ್ಲಿ. ಅದು ತಮಗೊಬ್ಬರಿಗೇ ಸೇರಿದ ಕೋಣೆ ಎಂದು ಅವರು ನಂಬಿದ್ದರು.

ಆ ಕೋಣೆಗೆ ಧ್ರುವ ನುಗ್ಗಿದ. ಬೆಂಗಳೂರಿನ ಹುಡುಗ, ಇಲ್ಲೊಂದು ಐಟಿ ಕಂಪನಿಯಲ್ಲಿ ಕೆಲಸ, ತಿನ್ನುವುದು ಎರಡು ಮಸಾಲೆದೋಸೆ, ಕೊಡುವುದು ಹತ್ತು ಉಪದೇಶ. ಗಲ್ಲಾದ ಮುಂದೆ ನಿಂತು ಇಣುಕಿದವನೇ, "ಅಂಕಲ್, ಇನ್ನೂ ಈ ಮೇಲೇ ಯೂಸ್ ಮಾಡ್ತಿದೀರಾ? ಇದೆಲ್ಲ ಕಂಪನಿಯವರ ಹತ್ರ ಬಿದ್ದಿರುತ್ತೆ. ಸರ್ಕಾರ ಕೇಳಿದ್ರೆ ತೆಗೆದು ಕೊಡ್ತಾರೆ. ಯಾರು ಬೇಕಾದ್ರೂ ಓದಬಹುದು" ಎಂದ.

"ನಾನೇನು ಕಳ್ಳನಾ? ನಂದು ಓದಿ ಅವರಿಗೆಂತ ಸಿಗ್ತದೆ?"

"ಬಾತ್‌ರೂಮ್ ಬಾಗಿಲು ಹಾಕ್ಕೊಳ್ಳೋರೆಲ್ಲ ಕಳ್ಳರಾ ಅಂಕಲ್? ಮುಚ್ಚಿಡೋಕೆ ಏನೂ ಇಲ್ದೇ ಇರೋ ಮನುಷ್ಯ ಯಾರಿದ್ದಾರೆ ಹೇಳಿ."

ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು, ನಾನೂ ತಲೆಯಾಡಿಸಿದೆ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಟ್ಟರ ಮುಖ ಕೆಂಪಗಾಯಿತು. ಕೈಯಲ್ಲಿದ್ದ ಚಿಲ್ಲರೆ ನೆಲಕ್ಕೆ ಚೆಲ್ಲಿತು.

ಅಂದಿನಿಂದ ಅವರಿಗೆ ದಿಲ್ಲಿಯಲ್ಲಿ ಒಬ್ಬ ಮನುಷ್ಯ ಕಾಣತೊಡಗಿದ. ಕನ್ನಡಕ ಹಾಕಿದ, ಚಹಾ ಕುಡಿಯುತ್ತ ತಮ್ಮ ಮೇಲ್‌ಗಳನ್ನೇ ಓದುವ ಒಬ್ಬ ಹಿರಿಯ ಅಧಿಕಾರಿ. "ಮಂಡಿಗೆ ಎಳ್ಳೆಣ್ಣೆ ಹಚ್ಚಿ ಅಂತ ಬರೆದದ್ದನ್ನೂ ಓದಿರ್ತಾರಾ?" ಎಂದು ನನ್ನನ್ನು ಕೇಳಿದರು. ಓದಿರಬಹುದು ಎಂದೆ. ಆಮೇಲೆ ಊಟದ ಆರ್ಡರುಗಳ ಉತ್ತರದಲ್ಲೂ ಆ ಅಧಿಕಾರಿಗೆ ಮರ್ಯಾದೆ ಸಲ್ಲತೊಡಗಿತು. ಜೋಕಾ ಬಡಾವಣೆಯ ಯಾರದೋ ಗೃಹಪ್ರವೇಶಕ್ಕೆ ಕಳಿಸಿದ ಊಟದ ಪಟ್ಟಿಯ ಕೊನೆಗೆ, "ಓದುತ್ತಿರುವ ಎಲ್ಲರಿಗೂ ನಮಸ್ಕಾರ. ಒಗ್ಗರಣೆ ಸಿಡಿಯುವುದು ಬಾಣಲೆಯಲ್ಲಿ ಮಾತ್ರ, ದಯವಿಟ್ಟು ಬೇರೆ ಅರ್ಥ ಮಾಡಬಾರದು" ಎಂದು ಬರೆದಿದ್ದರು. ಆ ಮನೆಯವರು ಗಾಬರಿಯಾಗಿ ಹೋಟೆಲಿಗೇ ಓಡಿ ಬಂದರು. ನಾನು ನಗು ತಡೆಯಲಾರದೆ ಮಜ್ಜಿಗೆ ನೆತ್ತಿಗೇರಿಸಿಕೊಂಡೆ.

ಧ್ರುವ ಬೀಗ ಇರುವ ಹೊಸ ಮೇಲ್ ಮಾಡಿಕೊಟ್ಟ. ಗುಟ್ಟಿನ ಪದ ಉದ್ದವಿರಬೇಕು ಎಂದದ್ದಕ್ಕೆ ಭಟ್ಟರು ಸಾರಿನ ಪುಡಿಯ ಸಾಮಾನುಗಳನ್ನೆಲ್ಲ ಸಾಲಾಗಿ ಹೊಡೆದರು. ಮರುದಿನ ಬೀಗ ತೆಗೆಯಲು ಹೋದರೆ ಮೆಂತೆ ಮೊದಲೋ ಜೀರಿಗೆ ಮೊದಲೋ ನೆನಪಿಲ್ಲ. ಹುರಿಯುವಾಗ ಒಂದು ಕ್ರಮ, ಅಳೆಯುವಾಗ ಒಂದು ಕ್ರಮ. ಅಡುಗೆಮನೆಗೆ ಹೋಗಿ ವನಮಾಲಾಳನ್ನು ಕೇಳಿದರೆ, "ಎಂತಕ್ಕೆ ಅಣ್ಣ, ಮೂವತ್ತು ವರ್ಷದಿಂದ ಮಾಡಿದ್ದು ಮರೆತೋಯ್ತಾ?" ಎಂದಳು. ಹೊಸ ಮೇಲ್ ಅಲ್ಲಿಗೇ ಮುಚ್ಚಿತು. ಅನಸೂಯ ಅವರು ಅದಕ್ಕೆ ಬರಲೂ ಒಪ್ಪಲಿಲ್ಲ. "ಒಂದು ಮನೆಯ ಬಾಗಿಲು ತಟ್ಟಲು ಕಲಿತಿದ್ದೇನೆ, ಈ ವಯಸ್ಸಿನಲ್ಲಿ ಇನ್ನೊಂದು ಬೇಡ" ಎಂದು ಬರೆದರು.

ಅದೇ ಮೇಲ್‌ನ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಮೈಸೂರಿನಲ್ಲಿರುವ ಅಣ್ಣನ ಮಗಳು ತನ್ನ ಜೊತೆಗೆ ಬಂದಿರಲು ಕರೆಯುತ್ತಿದ್ದಾಳೆ, ದುರ್ಗಾ ಪೂಜೋ ಮುಗಿದ ಮೇಲೆ ಡಮ್ ಡಮ್‌ನ ಮನೆ ಬಿಡುವ ಯೋಚನೆ ಇದೆ, ತಡೆಯುವವರು ಇಲ್ಲಿ ಯಾರೂ ಇಲ್ಲ.

ಭಟ್ಟರು ಅದನ್ನು ನನಗೆ ತೋರಿಸಿದಾಗ ಬೀದಿಯಲ್ಲಿ ಪೂಜೋದ ಪೆಂಡಾಲಿಗೆ ಬಿದಿರು ಇಳಿಸುತ್ತಿದ್ದರು.

"ತಡೆಯುವವರು ಯಾರೂ ಇಲ್ಲ ಅಂತ ಬರೆದಿದ್ದಾರೆ. ಇನ್ನೆಷ್ಟು ಬಿಡಿಸಿ ಹೇಳಬೇಕು ನಿಮಗೆ? ಕೇಳಿ ಅವರನ್ನ!" ಎಂದು ಕೂಗಿಯೇಬಿಟ್ಟೆ.

"ಹೇಗೆ ಕೇಳುದು? ನಡುವೆ ಕೂರುವ ಹಿರಿಯರು ಯಾರಿದ್ದಾರೆ ಮಾರಾಯ್ರೆ? ಈ ಊರಲ್ಲಿ ನಾನೇ ಹಿರಿಯ. ಎಲ್ಲರಿಗೆ ನಾನು ಕೂತೆ, ನನಗೆ ಯಾರು ಕೂರ್ತಾರೆ? ಅದೂ ದಿಲ್ಲಿಯವರು ಓದುವ ಮೇಲಿನಲ್ಲಿ..."

ಮಾತು ಅರ್ಧಕ್ಕೇ ನಿಂತಿತು. ಅವರ ಕಣ್ಣು ಅಗಲವಾಯಿತು. ತೊಡೆ ತಟ್ಟಿಕೊಂಡು ಎದ್ದವರೇ ಗಲ್ಲಾದ ಹಿಂದೆ ಹೋಗಿ ಟೈಪ್ ಮಾಡತೊಡಗಿದರು. ಎರಡು ಬೆರಳಲ್ಲಿ, ಚಕ್ಕುಲಿ ಒತ್ತುವ ಹಾಗೆ. ಮುಗಿದ ಮೇಲೆ ನನಗೆ ತೋರಿಸಿದರು.

"ಶ್ರೀಮತಿ ಅನಸೂಯ ಅವರಿಗೆ ನಮಸ್ಕಾರ. ಈ ಮೇಲನ್ನು ಸರ್ಕಾರದ ಹಿರಿಯರೊಬ್ಬರು ಓದುತ್ತಾರೆಂದು ತಿಳಿದುಬಂದಿದೆ. ನನಗೆ ಬೇರೆ ಹಿರಿಯರಿಲ್ಲ. ಆದ್ದರಿಂದ ಅವರನ್ನೇ ನಡುವೆ ಕೂರಿಸಿ, ಅವರ ಸಮಕ್ಷಮದಲ್ಲಿ ಕೇಳುತ್ತಿದ್ದೇನೆ. ನೀವು ಮೈಸೂರಿಗೆ ಹೋಗಬೇಡಿ. ನನ್ನನ್ನು ಮದುವೆಯಾಗಿ. ನನಗಿಂತ ಎರಡು ವರ್ಷ ದೊಡ್ಡವರೆಂಬುದು ಗೊತ್ತುಂಟು, ಅಡ್ಡಿಯಿಲ್ಲ. ಹಿರಿಯರು ಕೇಳಿಸಿಕೊಂಡಿದ್ದಾರೆ. ಇನ್ನು ಮಾತು ಹಿಂದೆ ತೆಗೆಯಲಿಕ್ಕಿಲ್ಲ."

ವಿಷಯದ ಸಾಲು ಹಾಗೇ ಇತ್ತು. ನನಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಕಳಿಸಿ ಎಂದೆ. ಕಳಿಸಿದರು.

ಆಮೇಲೆ ಭಟ್ಟರು ನೆಲದ ಮೇಲೆ ನಿಲ್ಲಲಿಲ್ಲ. ಇಡ್ಲಿ ಕೇಳಿದವರಿಗೆ ಕೇಸರಿಬಾತ್ ಕೊಟ್ಟರು, ದುಡ್ಡು ಕೊಟ್ಟವರಿಗೆ ಅದನ್ನೇ ತಿರುಗಿ ಕೊಟ್ಟರು. ಧ್ರುವ ಬಂದಾಗ ಅಪ್ಪಿಕೊಂಡು, "ನೀನು ಹೆದರಿಸಿದ್ದಕ್ಕೆ ಒಳ್ಳೇದಾಯ್ತು ಮಾರಾಯ" ಎಂದರು. ಅವನಿಗೆ ತಲೆಬುಡ ತಿಳಿಯಲಿಲ್ಲ. ಮರುದಿನ ಉತ್ತರ ಬಂತು. ಭಟ್ಟರಿಗೆ ತೆರೆಯಲು ಧೈರ್ಯ ಸಾಲದೆ ನನ್ನಿಂದ ಓದಿಸಿದರು.

"ನಾನು ಜೀವನವಿಡೀ ಸರ್ಕಾರಿ ಕಚೇರಿಯಲ್ಲಿದ್ದವಳು. ನಮ್ಮ ಮೇಜಿಗೇ ಬಂದ ಕಾಗದಗಳನ್ನು ನಾವು ಓದುತ್ತಿರಲಿಲ್ಲ. ಅದಿರಲಿ. ಸರ್ಕಾರಕ್ಕೆ ಹೇಳಿದ್ದೀರಿ, ಸಂತೋಷ. ನನಗೆ ಯಾವಾಗ ಹೇಳುತ್ತೀರಿ? ಗುರುವಾರ ಊಟಕ್ಕೆ ಬರುತ್ತೇನೆ."

ಗುರುವಾರ ನಾನು ಕ್ಲಾಸು ಬಿಟ್ಟು ಬಂದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅನಸೂಯ ಅವರು ಟಾಲಿಗಂಜ್‌ವರೆಗೆ ಮೆಟ್ರೋದಲ್ಲಿ ಬಂದು, ಅಲ್ಲಿಂದ ಆಟೋ ಹಿಡಿದು ಬಂದಿದ್ದರು. ಹಸಿರು ಸೀರೆ, ಕೈಯಲ್ಲಿ ಕೊಡೆ, ಎತ್ತರದ ಹೆಂಗಸು. ಗೋಡೆಯ ಪಕ್ಕದ ಮೇಜಿಗೆ ಕೂತರು. ಭಟ್ಟರು ತಾವೇ ಎಲೆ ಹಾಕಿದರು. ಪತ್ರೊಡೆ ಬಡಿಸಿದರು. ಅವರು ನಿಧಾನವಾಗಿ ತಿಂದರು. ಭಟ್ಟರು ಸೌಟು ಹಿಡಿದು ನಿಂತೇ ಇದ್ದರು.

"ಇನ್ನು ಸ್ವಲ್ಪ ಹಾಕ್ಲಾ?" ಎಂದರು ಕೊನೆಗೆ.

ನಾನು ಹಣೆ ಚಚ್ಚಿಕೊಂಡೆ.

"ಇದನ್ನು ಕೇಳ್ಲಿಕ್ಕಾ ನಾನು ಡಮ್ ಡಮ್‌ನಿಂದ ಬಂದದ್ದು?" ಎಂದರು ಅನಸೂಯ.

ಆಗ ಅಡುಗೆಮನೆಯ ಪರದೆ ಸರಿಯಿತು. ವನಮಾಲಾ ಜರಿಯಂಚಿನ ಸೀರೆ ಉಟ್ಟು, ಪಾಯಸದ ಪಾತ್ರೆ ಹಿಡಿದು ಹೊರಬಂದಳು. ಪಾಯಸ ಮಾಡಲು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಪಾತ್ರೆಯನ್ನು ಮೇಜಿನ ಮೇಲಿಟ್ಟು, ಇಬ್ಬರ ನಡುವಿನ ಕುರ್ಚಿ ಎಳೆದುಕೊಂಡು ಕೂತಳು.

"ಕೇಳಿ ಅಣ್ಣ. ನಾನು ಕೂತಿದ್ದೇನೆ."

"ನಿನಗೆ... ನಿನಗೆ ಹೇಗೆ ಗೊತ್ತು?"

"ಮೇಲು ತೆರೆದಿಟ್ಟು ಮಲಗ್ಲಿಕ್ಕೆ ಹೋಗ್ತೀರಿ. ಮೂರು ವರ್ಷದಿಂದ ಓದ್ತಾ ಇದ್ದೇನೆ. ಎಳ್ಳೆಣ್ಣೆ ನಾನೂ ಮಂಡಿಗೆ ಹಚ್ಚಿದೆ, ಒಳ್ಳೇದುಂಟು."

ಭಟ್ಟರು ದಿಲ್ಲಿಗೆ ಹೆದರುತ್ತ ಕೂತಿದ್ದರು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿದ್ದುದನ್ನು ಮನೆಯವರೇ ನೋಡುತ್ತಿದ್ದರು. ಅವರು ತಂಗಿಯನ್ನು ನೋಡಿದರು, ಬೈಯಲು ಬಾಯಿ ತೆರೆದರು. ಆದರೆ ಹೊರಬಿದ್ದದ್ದು ಬೇರೆಯೇ ಮಾತು. ಅದೂ ಅನಸೂಯ ಅವರ ಕಡೆ ತಿರುಗಿ, ಇಡೀ ಹೋಟೆಲಿಗೆ ಕೇಳುವ ಹಾಗೆ.

"ಹೋಗ್ಬೇಡಿ. ನನ್ನನ್ನು ಮದುವೆ ಆಗ್ತೀರಾ?"

ಊಟ ಮಾಡುತ್ತಿದ್ದ ವಿದ್ಯಾರ್ಥಿಗಳ ಕೈ ಎಲೆಯ ಮೇಲೇ ನಿಂತಿತು. ಬಂಗಾಳಿ ಹುಡುಗರಿಗೂ ಅರ್ಥವಾಗಿತ್ತು. ಅನಸೂಯ ಅವರು ವನಮಾಲಾಳನ್ನು ನೋಡಿದರು.

"ನೀವು ಕೇಳಿಸಿಕೊಂಡ್ರಲ್ಲ?"

"ಕೇಳಿಸಿಕೊಂಡೆ. ಇನ್ನು ಹಿಂದೆ ತೆಗೀಲಿಕ್ಕಿಲ್ಲ."

"ಹಾಗಾದ್ರೆ ಆಯ್ತು" ಎಂದು ಅನಸೂಯ ಅವರು ಎಲೆಯನ್ನು ಸ್ವಲ್ಪ ಮುಂದೆ ಸರಿಸಿದರು. "ಈಗ ಹಾಕಿ, ಇನ್ನು ಸ್ವಲ್ಪ."

ಭಟ್ಟರು ಬಡಿಸಲು ಬಾಗಿದರು. ಅವರ ಕೈಯಿಂದ ಸೌಟು ಕಿತ್ತುಕೊಂಡ ವನಮಾಲಾ, ಅಣ್ಣನ ಭುಜ ಒತ್ತಿ ಅನಸೂಯ ಅವರ ಎದುರಿಗೆ ಕೂರಿಸಿ, ಅವರಿಗೂ ಒಂದು ಎಲೆ ಹಾಕಿದಳು.